ಅಬ್‌ಸ್ಟ್ರಾಕ್ಟ್ ಯಾಕೆ ತಿರಸ್ಕಾರವಾಯಿತು?

ಪ್ರಶ್ನೆ: ನಾನು ಎಂಬಿಬಿಎಸ್ ವಿದ್ಯಾರ್ಥಿನಿ. ಗರ್ಭಿಣಿಯರ ರಕ್ತಹೀನತೆ ಬಗ್ಗೆ ಸಣ್ಣ ಅಧ್ಯಯನ ಮಾಡಿ, ಅದರ ಅಬ್‌ಸ್ಟ್ರಾಕ್ಟನ್ನು (ಸಾರಾಂಶವನ್ನು) ಸಮ್ಮೇಳನದ ಬಹುಮಾನಕ್ಕೆ ಕಳಿಸಿದ್ದೆ. ಆಯ್ಕೆಯಾಗಲಿಲ್ಲ. ಪ್ರತಿ ಜೊತೆಗಿದೆ. ಎಲ್ಲಿ ತಪ್ಪಿದೆ?

ಉತ್ತರ: ಓದಿದೆ ಕಣಮ್ಮಾ. ವಿಷಯ ಚೆನ್ನಾಗಿದೆ, ಆದರೆ ಅರ್ಧಕ್ಕಿಂತ ಜಾಸ್ತಿ ಪೀಠಿಕೆಯೇ ಇದೆ. ರಕ್ತಹೀನತೆ ದೊಡ್ಡ ಸಮಸ್ಯೆ ಅಂತ ತೀರ್ಪುಗಾರರಿಗೆ ಗೊತ್ತಿದೆ, ಅಲ್ವಾ? ಕೊನೆಗೆ ‘ಫಲಿತಾಂಶವನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು’ ಅಂತ ಬರೆದಿದ್ದೀರಿ. ಆ ಒಂದು ಸಾಲೇ ಕೆಲಸ ಕೆಡಿಸಿದ್ದು. ಎಷ್ಟು ಜನರನ್ನು ಪರೀಕ್ಷಿಸಿದಿರಿ, ಎಷ್ಟು ಜನರಲ್ಲಿ ಹಿಮೋಗ್ಲೋಬಿನ್ ಕಡಿಮೆಯಿತ್ತು, ಕಬ್ಬಿಣಾಂಶದ ಮಾತ್ರೆ ನುಂಗಿದವರಿಗೂ ಬಿಟ್ಟವರಿಗೂ ಎಷ್ಟು ವ್ಯತ್ಯಾಸ ಬಂತು ಅನ್ನೋ ಅಂಕಿಗಳನ್ನು ಅಲ್ಲೇ ಕೊಡಿ. ಇಂಥ ಅಧ್ಯಯನಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯ ಒಪ್ಪಿಗೆಯನ್ನೂ ಹೇಳಿ.

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ಎಸ್‌ಟಿಎಸ್ (ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್) ಗೊತ್ತಾ? 1979ರಲ್ಲಿ ಶುರುವಾದ, ನಿಮ್ಮಂಥವರಿಗೆಂದೇ ಇರುವ 2 ತಿಂಗಳ ಸಂಶೋಧನಾ ಯೋಜನೆ. ಅದಕ್ಕೆ ಮಾತ್ರ ಕೆಲಸ ಶುರು ಮಾಡುವ ಮೊದಲೇ ಪ್ರಸ್ತಾವ ಕಳಿಸಬೇಕು.