ಸಂಪಾದಕರ ಉತ್ತರ: ಪಾಟೀ ಸವಾಲಿಗೆ ರಂಗಭೂಮಿಯ ಪಾಠ

ಮಾನ್ಯರೇ,

ಹಾಸನ ಜಿಲ್ಲೆಯ ತಾಲೂಕು ನ್ಯಾಯಾಲಯವೊಂದರಲ್ಲಿ ಮೂರು ವರ್ಷಗಳಿಂದ ವಕೀಲೆಯಾಗಿರುವ ತಾವು ಬರೆದ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ನ್ಯಾಯಾಧೀಶರು ನಡುವೆ ತಡೆದು ಏನಾದರೂ ಕೇಳಿದೊಡನೆ ತಮ್ಮ ದನಿ ಏರುತ್ತದೆ, ಮಾತು ಓಡತೊಡಗುತ್ತದೆ. ಇದಕ್ಕೆ ಹವ್ಯಾಸಿ ನಾಟಕ ತಂಡವೊಂದರ ಅಭಿನಯ ಶಿಬಿರಕ್ಕೆ ಸೇರಿದರೆ ಪ್ರಯೋಜನವಾದೀತೇ ಎಂಬುದು ಮೊದಲನೆಯದು. ತಮ್ಮ ಈ ಯೋಚನೆ ತಿಳಿದು ಹಿರಿಯ ವಕೀಲರು ‘ಕೋರ್ಟೇನು ನಾಟಕದ ಕಂಪನಿಯೇ’ ಎಂದು ನಕ್ಕರೆಂದು ತಿಳಿಸಿ, ಅಭಿನಯ ಕಲಿತು ವಾದ ಮಾಡುವುದು ನ್ಯಾಯಾಲಯಕ್ಕೆ ಬಗೆದ ಮೋಸವಾಗುವುದಿಲ್ಲವೇ ಎಂದು ಕೇಳಿರುವುದು ಎರಡನೆಯದು.

ಶಿಬಿರಕ್ಕೆ ಖಂಡಿತ ಸೇರಿ. ಆದರೆ ಅಲ್ಲಿಂದ ಏನನ್ನು ತರಬೇಕು, ಏನನ್ನು ಅಲ್ಲಿಯೇ ಬಿಟ್ಟು ಬರಬೇಕು ಎಂಬ ಬಗ್ಗೆ ಮೊದಲೇ ಒಂದು ಎಚ್ಚರ ಇರಲಿ. ನಟರಿಂದ ವಕೀಲರಿಗೆ ತರಬೇತಿ ಕೊಡಿಸುವ ರೂಢಿ ಅಮೆರಿಕದಲ್ಲಿ ಬೆಳೆದಿರುವುದಕ್ಕೆ ಮುಖ್ಯ ಕಾರಣ ಅಲ್ಲಿಯ ಜ್ಯೂರಿ. ಕಾನೂನು ಓದಿರದ ಸಾಮಾನ್ಯ ನಾಗರಿಕರು ಕುಳಿತು, ಕಂಡದ್ದನ್ನೂ ಕೇಳಿದ್ದನ್ನೂ ಆಧರಿಸಿ ತೀರ್ಪು ಕೊಡುವ ವ್ಯವಸ್ಥೆಯಲ್ಲಿ ವಕೀಲರ ನಿಲುವು, ನೋಟ, ಕಥೆ ಹೇಳುವ ಕಲೆ ಇವೆಲ್ಲಕ್ಕೂ ಬೆಲೆ ಹೆಚ್ಚು. ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಜ್ಯೂರಿಗೆ ಸ್ಥಾನ ಉಳಿಯಲಿಲ್ಲ. ತಮ್ಮ ಎದುರಿಗೆ ಕುಳಿತಿರುವವರು ಕಡತ ಓದಿದ, ಅದೇ ದಿನ ಇನ್ನೂ ಹಲವು ಕಡತಗಳನ್ನು ಮುಗಿಸಬೇಕಾದ ಒಬ್ಬ ನ್ಯಾಯಾಧೀಶರು. ಕಣ್ಣು ತೇವ ಮಾಡಿಕೊಂಡು ನಿಂತರೆ ಅವರು ಗಡಿಯಾರ ನೋಡಿಯಾರು, ಅಷ್ಟೇ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ, ತಮ್ಮ ದಿನನಿತ್ಯದ ಅನುಭವಕ್ಕೆ ಬಂದಿರುವಂಥದ್ದೇ. ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿಯ ಉತ್ತರವನ್ನು ನ್ಯಾಯಾಧೀಶರು ಸಾಮಾನ್ಯವಾಗಿ ತಮ್ಮ ಮಾತಿನಲ್ಲಿ ಹೇಳಿ ಬರೆಸುತ್ತಾರೆ. ಮೇಲ್ಮನವಿಯಲ್ಲಿ ಓದಲಾಗುವುದು ಆ ಬರಹ ಮಾತ್ರ. ಜಮೀನಿನ ಕ್ರಯಪತ್ರದ ದಾವೆಯೊಂದನ್ನು ಊಹಿಸಿಕೊಳ್ಳಿ. ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವ ಪಾಟೀ ಸವಾಲಿನಲ್ಲಿ, ಪತ್ರಕ್ಕೆ ಸಾಕ್ಷಿ ಹಾಕಿದವನಿಗೆ ತಾವು ‘ಪತ್ರ ಬರೆಯುವಾಗ ನೀವು ಅಲ್ಲಿರಲೇ ಇಲ್ಲ’ ಎಂದು ಸೂಚಿಸುತ್ತೀರಿ. ಆತ ಒಮ್ಮೆ ತನ್ನ ಕಡೆಯ ಕಕ್ಷಿದಾರನತ್ತ ನೋಡುತ್ತಾನೆ, ಕಟಕಟೆಯ ಅಂಚು ಹಿಡಿಯುತ್ತಾನೆ, ತಡೆದು ‘ಸುಳ್ಳು’ ಎನ್ನುತ್ತಾನೆ. ದಾಖಲೆಗೆ ಹೋಗುವುದು ಇಷ್ಟೇ: ‘ಪತ್ರ ಬರೆಯುವಾಗ ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸುಳ್ಳು.’ ಆ ನೋಟವೂ ಇಲ್ಲ, ತಡವರಿಕೆಯೂ ಇಲ್ಲ. ಸಾಕ್ಷಿಯ ವರ್ತನೆಯನ್ನು ಟಿಪ್ಪಣಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 12ನೇ ನಿಯಮ ನ್ಯಾಯಾಧೀಶರಿಗೆ ಅವಕಾಶ ಕೊಟ್ಟಿದೆಯಾದರೂ ಅದರ ಬಳಕೆ ವಿರಳ. ಹಾಗಾಗಿ ಆ ತಡವರಿಕೆಯನ್ನು ಮಾತಿಗೆ ಇಳಿಸುವ ಕೆಲಸ ವಕೀಲರದೇ. ಮುಂದಿನ ಪ್ರಶ್ನೆ ಅಲ್ಲಿಂದಲೇ ಹುಟ್ಟಬೇಕು: ಪತ್ರದ ಬಿಕ್ಕಲಂ (ಪತ್ರ ಬರೆದವರ ಹೆಸರು, ಸಹಿ) ಯಾರದು, ಎಲ್ಲಿ ಕುಳಿತು ಬರೆದರು, ನಿಮಗಿಂತ ಮೊದಲು ಸಹಿ ಮಾಡಿದವರು ಯಾರು? ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀ ಸವಾಲಿನಲ್ಲಿ ಕೇಳಬಾರದೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಈ ಮೂರಕ್ಕೂ ಉತ್ತರ ಪತ್ರದಲ್ಲಿಯೋ ತಮ್ಮ ಕಕ್ಷಿದಾರರ ಬಳಿಯೋ ಮೊದಲೇ ಸಿಕ್ಕಿರಬೇಕು. ಆದರೆ ಬರೆದುಕೊಂಡು ಬಂದ ಪ್ರಶ್ನೆಗಳ ಹಾಳೆಯಲ್ಲೇ ಕಣ್ಣು ನೆಟ್ಟಿದ್ದ ವಕೀಲರಿಗೆ ಆ ಗಳಿಗೆ ಕಾಣುವುದೇ ಇಲ್ಲ. ಎದುರಿನವರು ಮಾತನಾಡುವಾಗ ತನ್ನ ಮುಂದಿನ ಮಾತನ್ನು ಒಳಗೇ ಉರುಹೊಡೆಯದೆ ನಿಜವಾಗಿ ಕೇಳಿಸಿಕೊಳ್ಳುವುದು ನಟರ ಮೊದಲ ಪಾಠಗಳಲ್ಲೊಂದು. ಶಿಬಿರದಿಂದ ತಾವು ಇದೊಂದನ್ನೇ ತಂದರೂ ಶುಲ್ಕ ದಂಡವಾಗುವುದಿಲ್ಲ.

ಈ ಪಾಠಕ್ಕೆ ನಮ್ಮಲ್ಲೇ ಒಂದು ಉತ್ತಮ ಶಾಲೆಯಿದೆ. ಕರಾವಳಿ, ಮಲೆನಾಡುಗಳ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ ಮಾತು ಕಟ್ಟುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲದಿರುವುದರಿಂದ ಎದುರಿನ ಅರ್ಥಧಾರಿ ಎತ್ತಿದ ಮಾತನ್ನು ಹಿಡಿದೇ ಉತ್ತರ ಬೆಳೆಯಬೇಕು. ಅವಕಾಶ ಸಿಕ್ಕಾಗ ಒಂದು ಕೂಟಕ್ಕೆ ಹೋಗಿ, ಮಾತಾಡುವವರನ್ನು ಬಿಟ್ಟು ಸುಮ್ಮನೆ ಕುಳಿತಿರುವವರ ಮುಖವನ್ನು ನೋಡಿ. ಅಲ್ಲಿಯ ಚಾತುರ್ಯದ ಗೆಲುವನ್ನು ಮಾತ್ರ ನ್ಯಾಯಾಲಯಕ್ಕೆ ತರಬೇಡಿ; ಪುರಾವೆ ಇಲ್ಲದ ಕಡೆ ಚಮತ್ಕಾರದ ಮಾತು ನಿಲ್ಲದು.

ಇನ್ನು ತಮ್ಮ ದನಿಯ ವಿಚಾರ. ಹೆದರಿದಾಗ ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ, ಗಂಟಲು ಬಿಗಿಯುತ್ತದೆ, ದನಿ ಮೇಲೇರುತ್ತದೆ. ರಂಗ ತರಬೇತಿಯಲ್ಲಿ ಹೊಟ್ಟೆಯಿಂದ ಉಸಿರಾಡುವ ಅಭ್ಯಾಸವನ್ನು ಮೊದಲು ಮಾಡಿಸುವುದು ಇದಕ್ಕಾಗಿಯೇ. ನ್ಯಾಯಾಧೀಶರು ತಡೆದರೆ ವಾಕ್ಯ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ, ಅಲ್ಲಿಯೇ ನಿಲ್ಲಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ಪ್ರಶ್ನೆಯನ್ನು ಕೊನೆಯವರೆಗೆ ಕೇಳಿ, ಮೊದಲು ‘ಹೌದು’ ಅಥವಾ ‘ಇಲ್ಲ’ ಎಂದು ಹೇಳಿ ಆಮೇಲೆ ಕಾರಣಕ್ಕೆ ಬನ್ನಿ. ನ್ಯಾಯಾಧೀಶರು ಉತ್ತರ ಬರೆಸುತ್ತಿರುವಾಗ ಬಾಯಿ ಹಾಕದಿರುವುದೂ ವಿರಾಮದ ಅಭ್ಯಾಸವೇ; ಬೆರಳಚ್ಚುಗಾರರು ಮುಗಿಸುವ ಹೊತ್ತಿಗೆ ತಾವು ಉಸಿರು ತಂದುಕೊಂಡಿರುತ್ತೀರಿ. ಗಂಡಸರ ದನಿ ಏರಿದರೆ ವಾದ, ಹೆಂಗಸರ ದನಿ ಏರಿದರೆ ಜಗಳ ಎಂದು ಗ್ರಹಿಸುವ ಸಭ್ಯರು ತಮ್ಮ ವಕೀಲರ ಸಂಘದಲ್ಲಿಯೂ ಇರಬಹುದು. ಅದನ್ನು ಸರಿಪಡಿಸುವ ಹೊಣೆ ತಮ್ಮದಲ್ಲ.

ರಷ್ಯಾದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ನಟರಿಗೆ ಕಲಿಸಿದ ಒಂದು ಕ್ರಮವನ್ನು ಹಾಗೆಯೇ ಎತ್ತಿಕೊಳ್ಳಬಹುದು. ಈ ದೃಶ್ಯದಲ್ಲಿ ನನ್ನ ಪಾತ್ರಕ್ಕೆ ಎದುರಿನವರಿಂದ ಏನು ಬೇಕು ಎಂದು ಕೇಳಿಕೊಳ್ಳುವ ಕ್ರಮ ಅದು. ಪ್ರತಿಯೊಬ್ಬ ಸಾಕ್ಷಿಯಿಂದ ತಮಗೆ ಬೇಕಾದ ಒಂದೆರಡು ಒಪ್ಪಿಗೆಗಳನ್ನು ಹಾಳೆಯ ತಲೆಯಲ್ಲಿ ಬರೆದುಕೊಳ್ಳಿ. ಅವು ದೊರೆತ ಕೂಡಲೇ ಕುಳಿತುಬಿಡಿ.

ಮೋಸದ ಪ್ರಶ್ನೆಗೆ ಬಂದರೆ, ಇಲ್ಲದ ಕೋಪವನ್ನು ನಟಿಸಿ ಸಾಕ್ಷಿಯನ್ನು ಬೆದರಿಸುವುದು, ಸಾಕ್ಷಿಗೇ ಅಳುವುದನ್ನು ಹೇಳಿಕೊಡುವುದು ಇವು ತಪ್ಪು ಎಂಬುದರಲ್ಲಿ ಸಂಶಯವಿಲ್ಲ. ಸಾಕ್ಷಿಗೆ ಕಲಾಪದ ಕ್ರಮ ತಿಳಿಸಬಹುದು, ಹೇಳಬೇಕಾದ ಉತ್ತರವನ್ನಲ್ಲ. ಪ್ರಶ್ನೆ ಸರಿಯಾಗಿದ್ದರೂ ಅದರ ರೂಪ ಅನಗತ್ಯವಾಗಿ ನೋಯಿಸುವಂತಿದ್ದರೆ ನ್ಯಾಯಾಲಯ ತಡೆಯಬೇಕೆಂದು 1872ರ ಸಾಕ್ಷ್ಯ ಅಧಿನಿಯಮದ 152ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ಮಾತು ಉಳಿದಿದೆ. ವಕೀಲರು ಕಕ್ಷಿದಾರರ ಬರೀ ಬಾಯಿಯಾಗಬಾರದು, ಮಾತಿನಲ್ಲಿ ಸಂಯಮವಿರಬೇಕು ಎಂಬುದು ವಕೀಲಿ ವೃತ್ತಿಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ಲಿನ ನಿಯಮ. ಆ ಸಂಯಮ ತಂತಾನೇ ಬರುವಂಥದ್ದಲ್ಲ, ಅಭ್ಯಾಸದಿಂದ ಬರಬೇಕು. ನ್ಯಾಯಾಲಯದ ಕಲಾಪಗಳ ನೇರ ಪ್ರಸಾರ ಬಂದ ಮೇಲೆ ಕೆಲವರು ಪೀಠವನ್ನು ಬಿಟ್ಟು ಕ್ಯಾಮೆರಾಕ್ಕೆ ವಾದಿಸುವುದನ್ನು ನೋಡಿದಾಗ, ನಾಟಕದ ಚಟ ಶಿಬಿರಕ್ಕೆ ಹೋಗದವರಿಗೇ ಹೆಚ್ಚೇನೋ ಎನಿಸುತ್ತದೆ.

ನಕ್ಕ ಹಿರಿಯರಿಗೆ ಬಳ್ಳಾರಿ ರಾಘವರ ಹೆಸರು ಹೇಳಿ. ಮದರಾಸಿನಲ್ಲಿ ಕಾನೂನು ಓದಿ, ಬಳ್ಳಾರಿಯಲ್ಲಿ ಕ್ರಿಮಿನಲ್ ಮೊಕದ್ದಮೆಗಳ ವಕೀಲರಾಗಿ ಹೆಸರು ಮಾಡಿದ ಅವರು ತೆಲುಗು, ಕನ್ನಡ, ಇಂಗ್ಲಿಷ್ ರಂಗಭೂಮಿಗಳಲ್ಲಿ ನಟಿಸಿದವರು, 1946ರಲ್ಲಿ ತೀರಿಕೊಂಡರು. ಪದ್ಯಗಳನ್ನು ರಾಗವಾಗಿ ಎಳೆಯುವುದೇ ನಟನೆ ಎನಿಸಿದ್ದ ಕಾಲದಲ್ಲಿ ಸಹಜ ಮಾತಿನ ಅಭಿನಯಕ್ಕೆ ಅವರು ಹೆಸರಾದರು. ಅವರ ಸೋದರಮಾವ, ನಾಟಕಕಾರ ಧರ್ಮವರಂ ರಾಮಕೃಷ್ಣಾಚಾರ್ಯರೂ ಅದೇ ಊರಿನ ವಕೀಲರು. ಬಳ್ಳಾರಿಯ ಕೋರ್ಟಿಗೆ ಇದರಿಂದ ಯಾವ ಹಾನಿಯೂ ಆದಂತಿಲ್ಲ.

ಹಣ ಕಟ್ಟುವ ಮೊದಲು ಶಿಬಿರದವರನ್ನು ವಿಚಾರಿಸಿ. ಕೊನೆಯಲ್ಲಿ ಆಡುವ ನಾಟಕದ ಮಾತುಗಳನ್ನು ಕಂಠಪಾಠ ಮಾಡಿಸುವುದರಲ್ಲೇ ದಿನ ಕಳೆಯುವುದಾದರೆ ತಮಗೆ ಅದು ಬೇಡ. ಉಸಿರು, ಉಚ್ಚಾರಣೆ, ಆಶು ಅಭಿನಯ ಇವಕ್ಕೆ ಸಮಯ ಕೊಡುವುದಾದರೆ ಸೇರಿ, ಮತ್ತು ತಮ್ಮದೇ ಹಳೆಯ ಪಾಟೀ ಸವಾಲಿನ ದೃಢೀಕೃತ ನಕಲೊಂದನ್ನು, ಹೆಸರುಗಳನ್ನು ಮರೆಮಾಡಿ, ಅಭ್ಯಾಸದ ಪಠ್ಯವಾಗಿ ಬಳಸಲು ಅನುಮತಿ ಕೇಳಿ.

— ಸಂಪಾದಕ