ಪಾರ್ಕಿನ ನಾಟಕದಲ್ಲಿ ಮೈಕ್ ಕೂಗುವುದಕ್ಕೆ
ಕುವೆಂಪುನಗರದ ಪಾರ್ಕಿನ ನಾಟಕದಲ್ಲಿ ಹಿಂದಿನ ಸಾಲಿಗೆ ಮಾತು ಕೇಳಿಸಲ್ಲ, ವಾಲ್ಯೂಮ್ ಏರಿಸಿದರೆ ಮೈಕ್ ಕುಯ್ಯೋ ಅನ್ನುತ್ತೆ ಅಂದಿದ್ದೀರಿ. ಬಹುಶಃ ಸ್ಪೀಕರ್‌ಗಳು ಮೈಕಿನ ಹಿಂದಿವೆ, ಅವುಗಳ ಸದ್ದೇ ಮತ್ತೆ ಮೈಕಿಗೆ ಹೋಗ್ತಿದೆ.

ಮೊದಲು ಎರಡೂ ಸ್ಪೀಕರ್‌ಗಳನ್ನು ವೇದಿಕೆಯ ಅಂಚಿಗಿಂತ ನಾಲ್ಕೈದು ಅಡಿ ಮುಂದೆ ತನ್ನಿ. ಸ್ಟ್ಯಾಂಡ್ ಮೇಲೆ, ಕೂತವರ ತಲೆಗಿಂತ ಎತ್ತರಕ್ಕಿಟ್ಟು ಜನರ ಕಡೆ ತಿರುಗಿಸಿ. ವೇದಿಕೆಯ ಮೇಲೆ ನೇತುಹಾಕಿದ ಮೈಕ್ ಇದ್ದರೆ ತೆಗೆದುಬಿಡಿ; ಮೈಕ್ ನಟರ ಬಾಯಿಂದ ದೂರವಾದಷ್ಟೂ ಹೆಚ್ಚು ವಾಲ್ಯೂಮ್ ಬೇಕು, ಕೂಗೂ ಜಾಸ್ತಿ. ಬದಲಿಗೆ ವೇದಿಕೆಯ ಮುಂದಿನ ಅಂಚಿನಲ್ಲಿ ಸ್ಪಾಂಜಿನ ಮೇಲೆ ಮೂರು ಮೈಕ್ ಮಲಗಿಸಿ. ಸ್ಪಾಂಜ್ ಬಿಡಬೇಡಿ, ಇಲ್ಲದಿದ್ದರೆ ಹಲಗೆ ಮೇಲಿನ ಪ್ರತಿ ಹೆಜ್ಜೆಯೂ ಧಡ್ ಧಡ್ ಅನ್ನುತ್ತೆ.

ಆಮೇಲೆ ಒಂದೊಂದೇ ಮೈಕಿನ ವಾಲ್ಯೂಮ್ ಏರಿಸಿ, ಕೂಗು ಶುರುವಾದ ಕೂಡಲೇ ತುಸು ಇಳಿಸಿ ಅಲ್ಲೇ ನಿಲ್ಲಿಸಿ. ಮಿಕ್ಸರ್ (ಮೈಕ್‌ಗಳ ಸದ್ದು ಹೊಂದಿಸುವ ಪೆಟ್ಟಿಗೆ) ಯಾವುದೆಂದು ನೀವು ಬರೆದಿಲ್ಲ. ಅದರಲ್ಲಿ ಹೆಜ್ಜೆ ಸದ್ದಿನಂಥ ದಪ್ಪ ಸದ್ದನ್ನು ತಗ್ಗಿಸುವ ಲೋ ಕಟ್ ಬಟನ್ ಇದ್ದರೆ ಒತ್ತಿ.