ಮನೆದೇವರು ಬಾದಾಮಿ ಬನಶಂಕರಿ. ಮಗುವಿನ ಹರಕೆಯನ್ನು ಬೆಂಗಳೂರಿನ ಗುಡಿಯಲ್ಲೇ ರಾಹುಕಾಲದಲ್ಲಿ ತೀರಿಸಿದರೆ ನಡೆಯುತ್ತಾ? ಎಲ್ಲಿ ಶಕ್ತಿ ಜಾಸ್ತಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಮಗ ಹುಟ್ಟಿದ ವರ್ಷ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನಮ್ಮ ಮನೆ ಜೆ.ಪಿ. ನಗರದಲ್ಲಿ. ಮಂಗಳವಾರ, ಶುಕ್ರವಾರ ಬಂತೆಂದರೆ ಕನಕಪುರ ರಸ್ತೆಯ ಬನಶಂಕರಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುವುದು ಮದುವೆಗೆ ಮುಂಚಿನಿಂದಲೂ ನನಗೆ ರೂಢಿ. ಹೋಳು ಹಿಂಡಿ, ಸಿಪ್ಪೆಯನ್ನು ಹೆಬ್ಬೆರಳಲ್ಲಿ ಒತ್ತಿ ಒಳಹೊರಗು ಮಾಡಿ, ತುಪ್ಪ ಹಾಕಿ ಬತ್ತಿ ಇಡಬೇಕು. ಉಗುರಿನ ಸಂದಿಯಲ್ಲಿ ಗಾಯ ಇದ್ದರೆ ಸಂಜೆವರೆಗೂ ಉರಿ. ಊರೆಲ್ಲ ರಾಹುಕಾಲ ಅಂದರೆ ಹೊಸಿಲು ದಾಟಲ್ಲ, ಇಲ್ಲಿ ಮಾತ್ರ ಆ ಹೊತ್ತಿಗೇ ಕ್ಯೂ. ಮಂಗಳವಾರ ಮಧ್ಯಾಹ್ನ 3ರಿಂದ 4.30, ಶುಕ್ರವಾರ ಬೆಳಗ್ಗೆ 10.30ರಿಂದ 12. ಬನಶಂಕರಿ ಅಂದ್ರೆ ರಾಹುಕಾಲ, ರಾಹುಕಾಲ ಅಂದ್ರೆ ಬನಶಂಕರಿ ಅಂತ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಬಾದಾಮಿಗೆ ಹೊರಟಾಗಲೂ ಅದೇ ಲೆಕ್ಕ. ಮಂಗಳವಾರವೇ ಆಗಬೇಕು, ಮೂರು ಗಂಟೆಗೇ ಪೂಜೆ ಆಗಬೇಕು, ಅಲ್ಲಿವರೆಗೂ ಯಾರೂ ಏನೂ ತಿನ್ನಬಾರದು ಅಂತ ನನ್ನ ಆರ್ಡರ್. ಬೆಂಗಳೂರಿಂದಲೇ ಚೀಲದ ತುಂಬಾ ನಿಂಬೆಹಣ್ಣು ಬೇರೆ. ನಮ್ಮತ್ತೆಗೆ ಸಕ್ಕರೆ ಕಾಯಿಲೆ. "ತಿಂಡಿ ಬೇಡ ಅತ್ತೆ, ಮಾತ್ರೆ ಮಾತ್ರ ತಗೊಂಡುಬಿಡಿ" ಅಂದೆ. ಅವರೂ ಸೊಸೆ ಮಾತಿಗೆ ಇಲ್ಲ ಅನ್ನಲಿಲ್ಲ.

ಈ ಮಾತ್ರೆ ವಿಷಯ ಬಿಡಿಸಿ ಹೇಳ್ತೀನಿ, ಯಾಕೆಂದರೆ ನಿಮ್ಮ ಮನೆಯಲ್ಲೂ ಹಿರಿಯರು ಇರ್ತಾರೆ. ನನಗೆ ಗೊತ್ತಿದ್ದದ್ದು ಇಷ್ಟೇ: ಮಾತ್ರೆ ತಪ್ಪಿಸಿದರೆ ಸಕ್ಕರೆ ಏರುತ್ತೆ. ಊಟ ತಪ್ಪಿಸಿ ಮಾತ್ರೆ ನುಂಗಿದರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದು ಅನ್ನೋದು ಹೊಳೆಯಲೇ ಇಲ್ಲ. ಎಲ್ಲ ಮಾತ್ರೆಯೂ ಹಾಗಲ್ಲವಂತೆ, ಆದರೆ ಅತ್ತೆಯದು ಅಂಥದ್ದೇ. ಡಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಮುಗಿದಿತ್ತು. ಅದರ ಮೇಲೆ ಬಿಸಿಲು. ಗುಡಿ ಮುಂದಿನ ಹೊಂಡದ ಕಲ್ಲುಕಂಬಗಳ ಸಾಲಲ್ಲಿ ಕೂತು ನಾನು ಗಡಿಯಾರ ನೋಡುತ್ತಿದ್ದೆ. ಅತ್ತೆ ಬೆವರಿದರು, ಸೆಖೆ ಅಂದುಕೊಂಡೆ. ಕೈ ನಡುಗಿತು, ಸುಸ್ತು ಅಂದುಕೊಂಡೆ. ಮಾತು ತೊದಲಿದಾಗಲೂ "ಇನ್ನೇನು ಅರ್ಧ ಗಂಟೆ ಅತ್ತೆ" ಅಂದೆ ನೋಡಿ, ಅದು ಈಗಲೂ ಚುಚ್ಚುತ್ತೆ. ಆಮೇಲೆ ಕೂತಲ್ಲೇ ಹಾಗೇ ವಾಲಿದರು.

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಅಜ್ಜಿಯೊಬ್ಬರು ಓಡಿ ಬಂದರು. ಅತ್ತೆಗೆ ಪೂರ್ತಿ ಎಚ್ಚರ ತಪ್ಪಿರಲಿಲ್ಲ, ಕಣ್ಣು ಬಿಟ್ಟಿದ್ದರು. ಅಜ್ಜಿ ಅವರ ಬಾಯಿಗೆ ಸಣ್ಣ ಬೆಲ್ಲದ ಚೂರು ಇಟ್ಟು ನನ್ನ ಕಡೆ ತಿರುಗಿದರು: "ಉಣ್ಣಾಕ ಕೊಟ್ಟಾಕಿ ಮುಂದ ಉಪಾಸ ಕೂಡಸ್ತಾರೇನ ಯವ್ವಾ?"

ಅವತ್ತು ಪೂಜೆ ಆಗಲಿಲ್ಲ. ಆಸ್ಪತ್ರೆ, ಡ್ರಿಪ್, ರೈಲು ಟಿಕೆಟ್ ದುಡ್ಡೂ ಹೋಯಿತು. ಗಂಡನ ಮನೆಯವರ ಬಾಯಲ್ಲಿ ನಾನು ಇವತ್ತಿಗೂ 'ರಾಹುಕಾಲ'.

ಆ ಅಜ್ಜಿ ಹೇಳಿದ್ದು ಗುಡಿಯ ಕಥೆಯೇ. ನೂರು ವರ್ಷ ಮಳೆಯಿಲ್ಲದೆ ಭೂಮಿ ಒಣಗಿದಾಗ, ಹಸಿದ ಜನರನ್ನು ಕಂಡು ದೇವಿಗೆ ತಡೆಯಲಾಗಲಿಲ್ಲ. ನೂರು ಕಣ್ಣು ತೆರೆದು ನೋಡಿದಳು. ಮಳೆ ಬರುವವರೆಗೂ ತನ್ನ ಮೈಯಿಂದಲೇ ಕಾಯಿಪಲ್ಯ, ಸೊಪ್ಪು ಹುಟ್ಟಿಸಿ ಉಣಿಸಿದಳು. ಅದಕ್ಕೇ ಅವಳು ಶಾಕಾಂಬರಿ. ದುರ್ಗಮಾಸುರನನ್ನು ಕೊಂದವಳೂ ಅವಳೇ. ಸಿಂಹದ ಮೇಲೆ ಕೂತ ಎಂಟು ಕೈಯ ಕಪ್ಪು ಶಿಲೆಯ ಮೂರ್ತಿ ನೋಡಿದರೆ ಭಯ ಆಗುತ್ತೆ ನಿಜ. ಆದರೆ ಅಲ್ಲಿನವರು ಅವಳನ್ನು ನೆನೆಯುವುದು ಊಟದ ಜೊತೆಗೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಮುಂಚೆ ಪಲ್ಲೇದ ಹಬ್ಬ ಅಂತ ಮಾಡ್ತಾರೆ, 108 ಬಗೆಯ ತರಕಾರಿ ಅಡುಗೆ ನೈವೇದ್ಯ. ಹುಣ್ಣಿಮೆ ದಿನ ತೇರು. ಆಮೇಲೂ ವಾರಗಟ್ಟಲೆ ಜಾತ್ರೆ, ರಾತ್ರಿಯಿಡೀ ನಾಟಕ ಕಂಪನಿಗಳದ್ದೇ ಕಾರುಬಾರು.

ಜಾಗ ಬಾದಾಮಿಯಿಂದ ಐದು ಕಿಲೋಮೀಟರ್, ಚೊಳಚಗುಡ್ಡ. ಚಾಲುಕ್ಯರ ಕಾಲದಿಂದ ನಡೆದುಬಂದ ದೇವಿ, ಈಗಿನ ಗುಡಿಯನ್ನು 1750ರಲ್ಲಿ ಮರಾಠ ಸರದಾರ ಪರಶುರಾಮ ಆಗಳೆ ಕಟ್ಟಿಸಿದ್ದು. ನಮ್ಮ ಬೆಂಗಳೂರಿನದು 1915ರದ್ದು. ಸೋಮಣ್ಣ ಶೆಟ್ಟಿ ಅನ್ನೋ ಭಕ್ತರು ಬಾದಾಮಿಯಿಂದ ಅಮ್ಮನನ್ನು ತಂದು ಇಲ್ಲಿ ಕೂರಿಸಿದರು. ಹೀಗಿರುವಾಗ ಎಲ್ಲಿ ಶಕ್ತಿ ಜಾಸ್ತಿ ಅಂತ ಕೇಳೋದೇ ಸರಿಯಿಲ್ಲ, ಅಲ್ವಾ? ಅಮ್ಮ ಒಬ್ಬಳೇ, ಪದ್ಧತಿ ಬೇರೆ ಬೇರೆ. ರಾಹುಕಾಲದ ದೀಪ ನಮ್ಮ ಬೆಂಗಳೂರಿನ ರೂಢಿ, ಅದನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ.

ಇನ್ನು ನಿಮ್ಮ ಹರಕೆ. ಯಾವ ಗುಡಿ ಅಂತ ನನ್ನನ್ನು ಕೇಳಬೇಡಿ, ಹರಕೆ ಹೊತ್ತವರನ್ನು ಕೇಳಿ. ನಿಮ್ಮ ಅತ್ತೆಯೋ ಅಜ್ಜಿಯೋ ಬಾದಾಮಿ ಅಂತ ಬಾಯಿಬಿಟ್ಟು ಹೊತ್ತಿದ್ದರೆ ಬಾದಾಮಿಗೇ ಹೋಗಬೇಕು. ಮೆಟ್ರೋ ಪಕ್ಕದಲ್ಲೇ ಗುಡಿ ಇದೆಯಲ್ಲ ಅಂತ ಇಲ್ಲಿ ಮುಗಿಸಿದರೆ ಮನೆಯಲ್ಲಿ ಯಾರಿಗಾದರೂ ಒಂದು ಜ್ವರ ಬಂದರೂ ಅದೇ ಮಾತು ಕೇಳಬೇಕಾಗುತ್ತೆ, ಅನುಭವದಿಂದ ಹೇಳ್ತಿದ್ದೀನಿ. ಹಸುಗೂಸುಗಳನ್ನು ಬಾಳೆದಿಂಡಿನ ತೆಪ್ಪದಲ್ಲಿ ಹೊಂಡದ ಮೇಲೆ ತೇಲಿಸುವ ಹರಕೆಯೂ ಅಲ್ಲಿದೆ. ನಿಮ್ಮದು ಅದೇ ಆಗಿದ್ದರೆ ಎದೆ ಗಟ್ಟಿ ಮಾಡಿಕೊಳ್ಳಿ, ನನ್ನ ಕೈಲಂತೂ ಆಗುತ್ತಿರಲಿಲ್ಲ.

ಎಳೆ ಮಗು ಕಟ್ಟಿಕೊಂಡು ಜಾತ್ರೆಗೆ ಮಾತ್ರ ಹೋಗಬೇಡಿ, ಆ ಜನಜಂಗುಳಿಯಲ್ಲಿ ಹಾಲು ಕುಡಿಸಲೂ ಜಾಗ ಸಿಗಲ್ಲ. ಯಾವುದಾದರೂ ಸಾದಾ ದಿನ ಬೆಳಗ್ಗೆ ಬೇಗ ದರ್ಶನ ಮುಗಿಸಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಯಲ್ಲಿ ನಿಲ್ಲುತ್ತೆ, ಆದರೆ ಸ್ಟೇಷನ್ ಊರಿಂದ ದೂರ, ಟಂಟಂ (ಶೇರ್ ಆಟೋ) ಹಿಡಿಯಬೇಕು. ಪೂಜೆಗೆ ಮುಂಚೆ ಹಿರಿಯರಿಗೆ ತಿಂಡಿ ಕೊಡಿ. ಪೂಜೆ ಆದಮೇಲೆ ಹೊಟೇಲು ಹುಡುಕಬೇಡಿ, ಗುಡಿ ಹತ್ತಿರವೇ ಆ ಬುಟ್ಟಿಯವರ ಹತ್ತಿರ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುತ್ತೆ. ಕುಡಿಕೆಯ ಮೊಸರು ಬೇಗ ಖಾಲಿಯಾಗುತ್ತೆ, ಮೊದಲೇ ಹೇಳಿಟ್ಟಿರಿ.